ಮುಖ ಓದುವ ವರ

ಎದುರಿನವರ ಮುಖ ನೋಡಿದರೆ ಸಾಕು, ಒಳಗಿನದೆಲ್ಲ ತನಗೆ ತಿಳಿಯುತ್ತದೆ ಎಂದು ಸಿದ್ದಲಿಂಗೇಶ ನಂಬಿದ್ದ. ರಾಣೇಬೆನ್ನೂರಿನ ಬೀಜದ ಅಂಗಡಿಯಲ್ಲಿ ಅವನಿಗೆ ಕೆಲಸ. ಮೆಟ್ಟಿಲು ಹತ್ತುವ ರೈತ ಬೀಜ ಕೊಳ್ಳುತ್ತಾನೋ, ಬರೀ ಬೆಲೆ ಕೇಳಿ ಹೋಗುತ್ತಾನೋ ಎಂದು ಮೊದಲೇ ಹೇಳುತ್ತಿದ್ದ. ತಪ್ಪಿದ್ದನ್ನು ಮರೆಯುತ್ತಿದ್ದ, ಸರಿಯಾದದ್ದನ್ನು ಊರಿಗೆಲ್ಲ ಸಾರುತ್ತಿದ್ದ.

ಅವ್ವ ಸಿದ್ದವ್ವನೊಂದಿಗೆ ಬ್ಯಾಡಗಿಗೆ ಕನ್ಯೆ ನೋಡಲು ಹೋದಾಗಲೂ ಈ ವಿದ್ಯೆ ಜೊತೆಗೇ ಬಂತು. ಮೆಣಸಿನಕಾಯಿ ವ್ಯಾಪಾರಿ ಪ್ರಭುಲಿಂಗಪ್ಪನ ಮನೆ. ಮಗಳು ಶ್ರೀದೇವಿ ಹಾವೇರಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಚಹಾ ಹಿಡಿದು ಬಂದಳು. ಎರಡೂ ಕಣ್ಣು ಕೆಂಪಗಾಗಿ ನೀರು ಧಾರೆಯಾಗಿ ಇಳಿಯುತ್ತಿತ್ತು.

“ಸಕ್ಕರಿ ಕಮ್ಮಿ ಆಗಿದ್ರ ಹೇಳ್ರಿ, ನಾಚಬ್ಯಾಡ್ರಿ,” ಎಂದಳು.

ಆ ದನಿ ಸಿದ್ದಲಿಂಗೇಶನಿಗೆ ತುಂಬ ಹಿಡಿಸಿತು. ಹಿಡಿಸಿದ್ದರಿಂದಲೇ ಎದೆ ಭಾರವಾಯಿತು. ಪಾಪ, ಬಲವಂತದ ಮದುವೆ. ಹುಡುಗಿಯ ಮನಸ್ಸು ಬೇರೆಲ್ಲೋ ಇದೆ. ಕಪ್ಪು ಕೆಳಗಿಟ್ಟು ಎದ್ದು ನಿಂತ.

“ಯಜಮಾನ್ರ, ಹೆಣ್ಣಿನ ಕಣ್ಣೀರಿನ ಮ್ಯಾಲ ಸಂಸಾರ ಕಟ್ಟೂ ಮನಷ್ಯಾ ನಾ ಅಲ್ಲ. ಅವರ ಮನಸ್ಸು ಬ್ಯಾರೆ ಕಡೆ ಐತಿ, ಒತ್ತಾಯ ಮಾಡಬ್ಯಾಡ್ರಿ. ನನಗ ಈ ಸಂಬಂಧ ಬ್ಯಾಡ.”

ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಇನ್ನಷ್ಟು ಹೇಳುವವನಿದ್ದ. ಪ್ರಭುಲಿಂಗಪ್ಪ, ಬಂದವರು ಚಪ್ಪಲಿ ಬಿಟ್ಟಿದ್ದ ಕಡೆಗೆ ಕೈ ತೋರಿಸಿದ.

ಬಸ್ಸಿನಲ್ಲಿ ಸಿದ್ದವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು. “ಭಾಳ ಚಲೋ ಮಾಡಿದಿ. ಅಕಿ ಮುಂಜಾನಿಂದ ಮೆಣಸಿನಕಾಯಿ ತೊಟ್ಟು ಮುರಿಯಾಕತ್ತಿದ್ಲಂತ. ನಾವು ಬಂದ್ವಿ ಅಂತ ಗಡಿಬಿಡಿಯೊಳಗ ಅದ ಕೈಲೆ ಕಣ್ಣಿಗೆ ಕಾಡಿಗಿ ಹಚ್ಚಿಕೊಂಡಾಳ. ನಾ ಕಾಲು ತೊಳಿಯಾಕ ಹೋದಾಗ ಹಿತ್ತಲದಾಗ ಅವರವ್ವ ನಕ್ಕೋತ ಹೇಳಿದ್ಲು.”

“ಮೊದ್ಲ ಹೇಳಾಕ ಏನಾಗಿತ್ತಬೇ ನಿನಗ?”

“ನೀ ಬಾಯಿ ಮುಚ್ಚಿದ್ರ ಹೇಳ್ತಿದ್ನೆಪ್ಪಾ. ಎದ್ದು ನಿಂತು ಭಾಷಣಾನ ಚಾಲೂ ಮಾಡಿದಿ!”

ಮೋಟೆಬೆನ್ನೂರು ದಾಟಿದರೂ ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಆ ವಾರವೆಲ್ಲ ಊಟ ರುಚಿಸಲಿಲ್ಲ. ಶ್ರೀದೇವಿ ಬೇಕಿತ್ತು. ಆದರೆ ಹೋಗಿ ತಪ್ಪಾಯಿತು ಎನ್ನುವುದೆಂದರೆ, ಇಷ್ಟು ವರ್ಷ ಮೆರೆಸಿದ ಜಾಣತನವನ್ನು ಅವಳ ಕಣ್ಣೆದುರೇ ಬಿಚ್ಚಿ ಕೆಳಗಿಡಬೇಕು. ಅವಳಿಗೆ ಸಿಟ್ಟು ಬಂದಿರುತ್ತದೆ, ಮುಖಕ್ಕೆ ಬಾಗಿಲು ಹಾಕುತ್ತಾಳೆ ಎಂದು ಹಿಂಜರಿದ. ಇದೂ ತಾನೇ ಕಟ್ಟಿಕೊಂಡ ಊಹೆ ಎಂದು ಹೊಳೆದಾಗ ತನ್ನ ಮೇಲೆ ತನಗೇ ನಗು ಬಂತು. ಹಾವೇರಿ ಬಸ್ಸು ಹತ್ತಿದ.

ಲ್ಯಾಬಿನಲ್ಲಿ ಸರದಿ ಬಂದಾಗ ಎದುರಿನ ಕುರ್ಚಿಯಲ್ಲಿ ಕುಳಿತ. ಶ್ರೀದೇವಿ ತಲೆ ಎತ್ತದೆ ಕೇಳಿದಳು: “ಯಾವ ಟೆಸ್ಟ್ ರೀ?”

“ಟೆಸ್ಟ್ ಅಲ್ರಿ. ತಪ್ಪಾತು ಅಂತ ಹೇಳಾಕ ಬಂದೇನಿ.”

ಅವಳು ತಲೆ ಎತ್ತಿದಳು. “ಓ, ನೀವಾ! ನನ್ನ ಮನಸ್ಸು ಎಲ್ಲೈತಿ ಅಂತ ನನಗಿಂತ ಮೊದ್ಲ ಗೊತ್ತಾದವರು. ಹೇಳ್ರಲಾ, ಈಗ ಈ ಮುಖದಾಗ ಏನ ಕಾಣ್ತೈತಿ?”

ತುಟಿಗಳು ಬಿಗಿದಿದ್ದವು. ಸಿಟ್ಟಿರಬಹುದು, ತಡೆದ ನಗುವೂ ಇರಬಹುದು. ಸಿದ್ದಲಿಂಗೇಶ ಬಹಳ ಹೊತ್ತು ನೋಡಿದ.

“ಗೊತ್ತಾಗವಲ್ದುರಿ.”

“ಗೊತ್ತಾಗಲಿಲ್ಲಂದ್ರ ಮಂದಿ ಏನ ಮಾಡ್ತಾರ?”

“ಕೇಳ್ತಾರ.” ಅವನು ಕೇಳಿಯೇಬಿಟ್ಟ. “ನಾ ನಿಮಗ ಒಪ್ಪಿಗಿ ಏನ್ರಿ?”

ಹಿಂದೆ ಬೆಂಚಿನ ಮೇಲೆ ಕುಳಿತಿದ್ದ ಮುಮ್ತಾಜಬಿ ಎಂಬ ಮುದುಕಿ, “ಲಗೂ ಹೇಳವಾ, ನಾ ಖಾಲಿ ಹೊಟ್ಟೀಲೆ ಬಂದೇನಿ,” ಎಂದಳು.

ಶ್ರೀದೇವಿ ನಕ್ಕೇಬಿಟ್ಟಳು. “ಅವತ್ತ ಒಪ್ಪಿಗಿ ಇತ್ರಿ. ಕಣ್ಣು ಉರದು ನಿಮ್ಮ ಮುಖಾ ಮಾತ್ರ ನೆಟ್ಟಗ ಕಂಡಿರಲಿಲ್ಲ. ಈಗ ಕಂಡೇತಿ, ನಡೀತೈತಿ. ಐತವಾರ ಬಂದು ಅಪ್ಪನ ಮುಂದ ತಪ್ಪಾತು ಅನ್ರಿ. ಅಷ್ಟ. ಭಾಷಣಾ ಬ್ಯಾಡ.”

ಸಿದ್ದಲಿಂಗೇಶನಿಗೆ ಇದಕ್ಕೊಂದು ಚಂದದ ಉತ್ತರ ಹೊಳೆಯಿತು. ನುಂಗಿಕೊಂಡು, ಮುದುಕಿಗೆ ಕುರ್ಚಿ ಬಿಟ್ಟುಕೊಟ್ಟ.