ಹ್ಯಾಶ್ ಗುರುತಿನ ಆಚೆ

ನಾನು ಒಂದು ಫೈಲು. ಚಿತ್ರವಿಲ್ಲ, ಬಣ್ಣವಿಲ್ಲ, ಬರೀ ಅಕ್ಷರ. ಹುಬ್ಬಳ್ಳಿಯ ಒಂದು ಕಾರ್ಖಾನೆಯ ಕಂಪ್ಯೂಟರಿನಲ್ಲಿ ನೀಲಮ್ಮ ಹಡಪದ ಎಂಬ ಇಂಜಿನಿಯರು ನನ್ನನ್ನು ಹುಟ್ಟಿಸಿದಳು. ಗೋದಾಮುಗಳಲ್ಲಿ ಮೂಟೆ ಎತ್ತುವ ಲಿಫ್ಟುಗಳು ಅಲ್ಲಿ ತಯಾರಾಗುತ್ತಿದ್ದವು. ಲಿಫ್ಟಿನ ಒಂದೊಂದು ಭಾಗಕ್ಕೂ ನನ್ನಲ್ಲಿ ಒಂದೊಂದು ಸಾಲು: ಹೆಸರು, ಅಳತೆ, ಲೋಹ. ಕೊನೆಗೆ ಒಂದು ಹ್ಯಾಶ್ (#) ಗುರುತು ಹಾಕಿ, ಹಾಗೇಕೆ ಎಂಬುದನ್ನು ನೀಲಮ್ಮ ತನ್ನ ಮಾತಿನಲ್ಲೇ ಬರೆಯುತ್ತಿದ್ದಳು. ಆ ಗುರುತಿನ ಆಚೆಯದು ಯಂತ್ರಕ್ಕಲ್ಲ, ಮನುಷ್ಯರಿಗೆ. ನನಗೆ ಅದೇ ಇಷ್ಟ. ಬರೀ ಅಂಕಿ ಹೊತ್ತು ಬದುಕುವುದೂ ಒಂದು ಬದುಕೇ?

ಲಿಫ್ಟನ್ನು ಹಗ್ಗಕ್ಕೆ ಕಟ್ಟುವ ಪಿನ್ನಿನ ಸಾಲಿನಲ್ಲಿ ಹೀಗಿತ್ತು: "ಮಾಮೂಲಿ ಉಕ್ಕು # ಉಪ್ಪಿನ ಗೋದಾಮಿಗೆ ಬೇಡವೇ ಬೇಡ, ತುಕ್ಕು ತಿಂದು ಮುರಿಯುತ್ತದೆ. ಸ್ಟೇನ್‌ಲೆಸ್ ಹಾಕಿ."

ಲಿಫ್ಟು ಕೂಡಿಸುವ ಮೌಲಾಸಾಬ ನದಾಫ ಊರೂರಿಗೆ ಹೊರಡುವ ಮೊದಲು ಅವಳ ಮೇಜಿನ ಹತ್ತಿರ ಬರುತ್ತಿದ್ದ. "ಅಕ್ಕಾರ, ನಿಮ್ಮ ಪುರಾಣ ಒಂಚೂರು ಓದ್ರಿ," ಎನ್ನುತ್ತಿದ್ದ. ಅವಳು ನಗುತ್ತಲೇ ಓದಿ ಹೇಳುತ್ತಿದ್ದಳು.

ಕಾರ್ಖಾನೆ ಬೆಳೆಯಿತು. ಇಬ್ಬರಿಬ್ಬರು ಒಟ್ಟಿಗೇ ನನ್ನನ್ನು ತೆರೆದು ತಿದ್ದತೊಡಗಿದರು. ಕೊನೆಗೆ ಸೇವ್ ಮಾಡಿದವನದಷ್ಟೇ ಉಳಿಯುತ್ತಿತ್ತು, ಮೊದಲಿನವನ ಕೆಲಸ ನೀರುಪಾಲು. ಒಮ್ಮೆ ಒಂದು ಲಿಫ್ಟಿನ ಚೌಕಟ್ಟೆಲ್ಲ ತಪ್ಪು ಅಳತೆಗೆ ಕತ್ತರಿಸಿ ಹಾಳಾಯಿತು. ಮಾಲೀಕ ಅಂದಾನಪ್ಪ ತಲೆ ಮೇಲೆ ಕೈ ಹೊತ್ತು ಕೂತರು.

"ಡೇಟಾಬೇಸ್ ಮಾಡೂಣ್ರಿ," ಎಂದಳು ನೀಲಮ್ಮ. "ಯಾರು ಏನ್ ತಿದ್ದಿದ್ರು ಅನ್ನೂದೂ ಅದರಾಗ ಉಳೀತೈತಿ."

ಹೆತ್ತವಳೇ ಹಾಗೆಂದಾಗ ಸಂಕಟವಾಯಿತು. ಆದರೆ ಅವಳು ಹೇಳಿದ್ದು ಸರಿಯೇ ಇತ್ತು.

ಡೇಟಾಬೇಸಿನಲ್ಲಿ ಹೆಸರಿಗೆ, ಅಳತೆಗೆ, ಲೋಹಕ್ಕೆ ಕಾಲಂ ಮಾಡಿದರು. ಕಾರಣಕ್ಕೆ ಆಮೇಲೆ ಮಾಡಿದರಾಯಿತು ಎಂದುಕೊಂಡರು. ನನ್ನಿಂದ ಅಲ್ಲಿಗೆ ಸಾಲು ಸಾಗಿಸಿದ ಪ್ರೋಗ್ರಾಂ ಹ್ಯಾಶ್ ಕಂಡಲ್ಲೆಲ್ಲ ಓದುವುದನ್ನು ನಿಲ್ಲಿಸಿತು. ಅದರ ಪದ್ಧತಿಯೇ ಹಾಗೆ. ಆ "ಆಮೇಲೆ" ಬರಲೇ ಇಲ್ಲ. ನನ್ನನ್ನು ಹಳೆಯ ಫೋಲ್ಡರಿಗೆ ತಳ್ಳಿದರು.

ಅಂಕೋಲೆಯ ಉಪ್ಪಿನ ಗೋದಾಮಿನಿಂದ ಆರ್ಡರು ಬಂತು. ಅದು ನೀಲಮ್ಮನ ಮೇಜಿಗೆ ಬರಲೇ ಇಲ್ಲ. ಭಾಗಗಳ ಪಟ್ಟಿ ಡೇಟಾಬೇಸಿನಿಂದ ನೇರ ಪ್ರಿಂಟಾಗಿ ಹೋಯಿತು. ಪಿನ್ನು: ಮಾಮೂಲಿ ಉಕ್ಕು. ಪುರಾಣ ಕೇಳುವ ರೂಢಿಯೂ ಅಷ್ಟರಲ್ಲಿ ತಪ್ಪಿತ್ತು. ಎರಡು ಮಳೆಗಾಲ ಕಳೆದ ಮೇಲೆ ಮೌಲಾಸಾಬ ಅಲ್ಲಿನ ಲಿಫ್ಟಿನ ಸರ್ವಿಸಿಗೆ ಹೋದ. ಲಿಫ್ಟಿನ ಕೆಳಗೆ ಕೂತು ಗ್ರೀಸು ಹಚ್ಚುತ್ತಿದ್ದಾಗ ಪಿನ್ನು ಮುರಿಯಿತು. ಮೂಟೆಗಳ ಸಮೇತ ಲಿಫ್ಟು ಅವನ ಮೇಲೆ ಬಿತ್ತು. ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಇರಲಿಲ್ಲ.

ಮೂಟೆ ಇಳಿಸದೆ ಕೆಳಗೆ ಕೂತದ್ದು ಅವನದೇ ತಪ್ಪು ಎಂದು ಕಾರ್ಖಾನೆ ಹೇಳಿತು. ಮಣ್ಣು ಮಾಡಿದ ಮರುದಿನ ಅವನ ಅಣ್ಣ ಇಮಾಮಸಾಬ ಬಂದು ನೀಲಮ್ಮನ ಮುಂದೆ ನಿಂತ.

"ನಮ್ಮ ತಮ್ಮ ಎಚ್ಚರ ಇಲ್ಲದ ಮನಿಷಾ ಅಲ್ರಿ ಅಕ್ಕಾರ. ತನಿಖಿ ಮಾಡೂ ಸಾಹೇಬ್ರು ಬಂದಾಗ ಅಷ್ಟ ಹೇಳ್ರಿ. ನಾಳೆ ಅವನ ಮಕ್ಕಳು ಆ ಮಾತು ಕೇಳಬಾರದು."

ಅವನು ಹೋದ ಮೇಲೆ ಅವಳು ನನ್ನನ್ನು ತೆರೆದಳು. ಪಿನ್ನಿನ ಸಾಲು ಇದ್ದಂತೆಯೇ ಇತ್ತು. ಓದಿ ಬಾಯಿಗೆ ಸೆರಗು ಒತ್ತಿಕೊಂಡಳು. ಹಿಂದೆ ಬಂದು ನಿಂತಿದ್ದ ಅಂದಾನಪ್ಪನವರೂ ಓದಿದರು.

"ಗೊತ್ತಿದ್ದೂ ಮಾಡಿದ್ರಂತ ಆಕ್ಕೈತಿ, ನೀಲಮ್ಮ. ಮೊದಲ ನೀನ ಒಳಗ ಹೋಗ್ತಿ. ಅಳಿಸಿಬಿಡವಾ."

ಅಳಿಸಬೇಡ ತಾಯಿ, ಎಂದು ಒಳಗೊಳಗೇ ಬಡಕೊಂಡೆ. ಅವಳ ಬೆರಳು ಬಹಳ ಹೊತ್ತು ಅಳಿಸುವ ಕೀಲಿಯ ಮೇಲೆಯೇ ಇತ್ತು. ಆಮೇಲೆ ಒತ್ತಿದಳು. ಒಂದೊಂದೇ ಅಕ್ಷರ ಹೋಗಿ, ಕಡೆಗೆ ಹ್ಯಾಶ್ ಗುರುತೂ ಹೋಯಿತು.

ಅಧಿಕಾರಿಗಳು ಬಂದರು. ಡೇಟಾಬೇಸ್ ನೋಡಿದರು: ಮಾಮೂಲಿ ಉಕ್ಕು. ನನ್ನನ್ನೂ ನೋಡಿದರು: ಮಾಮೂಲಿ ಉಕ್ಕು. ಕೆಲಸಗಾರನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು.

ಈಗ ನನ್ನನ್ನು ಯಾರೂ ತೆರೆಯುವುದಿಲ್ಲ, ನೀಲಮ್ಮನೂ ಸಹ. ಅಳಿಸಿದ್ದರ ಕಲೆ ನನ್ನೊಳಗೆ ಉಳಿಯುವುದಿಲ್ಲ. ಹೆಸರಿನ ಪಕ್ಕದಲ್ಲಿ ಕಡೆಯ ಸಲ ತಿದ್ದಿದ ತಾರೀಖು ಮಾತ್ರ ಇದೆ. ಅದು ಮೌಲಾಸಾಬನನ್ನು ಮಣ್ಣು ಮಾಡಿದ ಮರುದಿನದ್ದು. ಹಳೆಯ ಫೋಲ್ಡರಿನ ಹಳೆಯ ಫೈಲನ್ನು ಆ ದಿನ ಯಾಕೆ ತಿದ್ದಿದಿರಿ ಎಂದು ಯಾರೂ ಕೇಳಲಿಲ್ಲ.