ಇನ್ನಾಸಪ್ಪನ ನಡಿಗೆ

"ಎಡಗಡೆ ತಗ್ಗಿಸ್ಬ್ಯಾಡ್ರಲಾ, ಮೆಟ್ಲು ಐತೆ!" ಎಂದು ಅರುಳಪ್ಪ ಕೂಗುತ್ತಿದ್ದಂತೆ ನಾಲ್ವರು ಇನ್ನಾಸಪ್ಪನ ಶವಪೆಟ್ಟಿಗೆಯನ್ನು ಚರ್ಚಿನೊಳಗೆ ತಂದರು. ಪೀಠದ ಮುಂದೆ ಅದನ್ನು ಇಳಿಸಿದ ಮೇಲೆ ಅರುಳಪ್ಪ ಪಕ್ಕದವನ ಕಿವಿಗೆ ಬಾಗಿ, "ಇವತ್ತಾದ್ರೂ ನೆಟ್ಟಗೆ ಬಂದ ಕಣ," ಎಂದ. ಪಕ್ಕದವನು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡ.

ಮೊದಲ ಬೆಂಚಿನಲ್ಲಿದ್ದ ಲೂರ್ದಮ್ಮನಿಗೆ ಕೇಳಿಸಿತು. ಗಂಡನ ಬಗ್ಗೆ ಇಂಥ ಮಾತು ಅವಳಿಗೆ ಹೊಸದಲ್ಲ. ಚನ್ನರಾಯಪಟ್ಟಣದಲ್ಲಿ ವೈರಿಂಗ್ ಕೆಲಸ ಮಾಡುವ ಮಗ ವಿನ್ಸೆಂಟ್ ಅವಳ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ.

* * *

ಇನ್ನಾಸಪ್ಪ ಕೊಣನೂರಿನಿಂದ ಹಾಸನಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ನಲವತ್ತು ದಾಟಿದ ಮೇಲೆ ಕಾಲು ಹಿಡಿತ ತಪ್ಪತೊಡಗಿತು. ಬಸ್ಸು ನಿಂತಿದ್ದಾಗಲೂ ತೂರಾಡುತ್ತಿದ್ದ. ಆಮೇಲೆ ನಾಲಿಗೆಯೂ ತೊದಲಿತು. ಪ್ರಯಾಣಿಕರು ದೂರಿದರು, ಮಾಲೀಕ ಟಿಕೆಟ್ ಬ್ಯಾಗು ಕಿತ್ತುಕೊಂಡು ಕಳಿಸಿದ. ಕುಡಿದಿಲ್ಲ ಎಂದು ಇನ್ನಾಸಪ್ಪ ಹೇಳಿದಷ್ಟೂ ಅದು ಕುಡಿದವನ ಮಾತಿನಂತೆಯೇ ಕೇಳುತ್ತಿತ್ತು.

"ನರದ ಕಾಯಿಲೆ. ಅಪ್ಪನಿಂದ ಮಕ್ಕಳಿಗೆ ಬರುತ್ತೆ," ಎಂದರು ಹಾಸನದ ಡಾಕ್ಟರು. "ನಿಮ್ಮ ತಂದೆಯೂ ಹೀಗೇ ನಡೀತಿದ್ರಾ?"

ಇನ್ನಾಸಪ್ಪ ಹೌದೆಂದು ತಲೆಯಾಡಿಸಿದ. ವಾಪಸ್ ಬರುವಾಗ ಬಸ್ಸಿನಲ್ಲಿ ಅತ್ತ. ತನ್ನ ಅಪ್ಪನನ್ನು ಊರಿನವರಂತೆ ಅವನೂ ಕುಡುಕನೆಂದೇ ನಂಬಿದ್ದ.

ಆ ವರ್ಷದ ಈಸ್ಟರ್ ಪೂಜೆಯಲ್ಲಿ ಪರಮಪ್ರಸಾದದ ಸಾಲಿನಲ್ಲಿ ನಿಂತವನು ಮುಗ್ಗರಿಸಿ ಮುಂದಿದ್ದ ಹೆಂಗಸಿನ ಮೇಲೆ ಬಿದ್ದ. ಚರ್ಚಿನ ಹಿರಿಯನಾದ ಅರುಳಪ್ಪ ಕಾಲರ್ ಹಿಡಿದು ಎಳೆದ.

"ಕುಡ್ಕಂಡು ದೇವ್ರ ಮುಂದಕ್ಕೆ ಬತ್ತೀಯೇನ್ಲಾ? ಆಚೆಗ್ ಓಗು!"

"ಅದು ಕಾಯಿಲೆ ಕಣಣ್ಣಾ, ಡಾಕ್ಟ್ರೇ ಯೋಳವ್ರೆ," ಎಂದು ಲೂರ್ದಮ್ಮ ಅಡ್ಡ ಬಂದಳು.

"ಕುಡುಕ್ರ ಎಂಡ್ರೆಲ್ಲಾ ಯೋಳಾದು ಇಂಗೇಯಾ."

ಅಂದಿನಿಂದ ಪ್ರತಿ ಭಾನುವಾರ ಇನ್ನಾಸಪ್ಪ ಚರ್ಚಿನ ಹೊರಗಿನ ಮೆಟ್ಟಿಲ ಮೇಲೆ ಕೂತ. ಒಳಗೆ ಪೂಜೆಯ ಗಂಟೆ ಬಾರಿಸಿದಾಗ ಗೋಡೆ ಹಿಡಿದು ಮಂಡಿಯೂರುತ್ತಿದ್ದ. ಪರಮಪ್ರಸಾದ ಅವನಿದ್ದಲ್ಲಿಗೆ ಒಮ್ಮೆಯೂ ಬರಲಿಲ್ಲ.

* * *

ಹೊಸದಾಗಿ ಬಂದಿದ್ದ ಫಾದರ್ ಇನ್ನಾಸಪ್ಪನನ್ನು ಮಾತಾಡಿಸಿದವರೇ ಅಲ್ಲ. ಅರುಳಪ್ಪ ಹೇಳಿದ್ದನ್ನು ನಂಬಿ, ಪೆಟ್ಟಿಗೆಯ ಮುಂದೆ ನಿಂತು ಪ್ರಾರ್ಥಿಸಿದರು:

"ನಮ್ಮ ಈ ಸಹೋದರ ಕುಡಿತಕ್ಕೆ ಸೋತಿದ್ದರು. ಕರುಣಾಮಯನಾದ ದೇವರು ಅವರನ್ನು ಕ್ಷಮಿಸಲಿ."

ಲೂರ್ದಮ್ಮ ಎದ್ದು ನಿಂತಳು. "ನನ್ ಗಂಡ ಒಂದಿನಾನೂ ಕುಡ್ದೋರಲ್ಲ, ಫಾದರ್."

ಫಾದರ್ ತಿರುಗಿ ಅರುಳಪ್ಪನ ಮುಖ ನೋಡಿದರು. ಅವನು ಮೆತ್ತಗೆ, "ಕೂತ್ಕಳವ್ವಾ. ಸತ್ತೋರ ಮಾನ ಕಾಪಾಡ್ಬೇಕು ಅನ್ನೋದು ನಮಗೂ ಅರ್ಥಾಯ್ತದೆ," ಎಂದ. ಹಿಂದಿನ ಬೆಂಚುಗಳಲ್ಲಿ ಪಾಪ, ಪಾಪ ಎಂಬ ದನಿ ಕೇಳಿತು. ಫಾದರ್ ಪ್ರಾರ್ಥನೆ ಮುಂದುವರಿಸಿದರು.

ಸಮಾಧಿಗೆ ಮೊದಲ ಹಿಡಿ ಮಣ್ಣು ಮಗನದು. ವಿನ್ಸೆಂಟ್ ಬಗ್ಗಿ ಮಣ್ಣು ತೆಗೆದುಕೊಂಡ. ಏಳುವಾಗ ಮೈ ಒಂದು ಕಡೆಗೆ ವಾಲಿತು. ಹಿಡಿದುಕೊಳ್ಳಲು ಕೈ ಚಾಚಿದ, ಏನೂ ಸಿಗದೆ ಗುಂಡಿಯ ಅಂಚಿನಲ್ಲೇ ಕುಸಿದು ಕೂತ.

"ಅಪ್ಪನ್ನ ಮಣ್ಣು ಮಾಡಕ್ಕೂ ಎಣ್ಣೆ ಆಕ್ಕಂಡೇ ಬಂದವ್ನೆ," ಎಂದ ಅರುಳಪ್ಪ.

ಲೂರ್ದಮ್ಮ ಓಡಿ ಬಂದು ಮಗನ ಮುಖವನ್ನು ಎರಡು ಕೈಯಲ್ಲೂ ಹಿಡಿದಳು. ಎಲ್ಲರೂ ನೋಡುತ್ತಿದ್ದಂತೆ ಅವನ ಬಾಯಿಗೆ ಮೂಗು ಒತ್ತಿ, ಹೆಂಡದ ವಾಸನೆ ಬರಲಪ್ಪಾ ದೇವರೇ ಎಂದು ಬೇಡುತ್ತಾ, ದೀರ್ಘವಾಗಿ ಉಸಿರೆಳೆದಳು.

ಬಂದದ್ದು ಬೆಳಿಗ್ಗೆ ಕುಡಿದ ಕಾಫಿಯ ವಾಸನೆ.