ಗೌರಾಬಾಯಿಯ ಮಶೇರಿ

ಗಂಡ ತಂಬಾಕು ತಿನ್ನುವುದನ್ನು ಕಂಡರೆ ಏಕಸಂಬಿಯ ಗೌರಾಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ರಾವಸಾಹೇಬ ಅಂಗೈಯಲ್ಲಿ ಸುಣ್ಣ ತಿಕ್ಕಲು ಶುರುಮಾಡಿದರೆ ಸಾಕು, ಕಬ್ಬಿನ ಹೊಲದ ಆಚೆ ತುದಿಗೂ ಕೇಳುವಂತೆ ಬೈಯುತ್ತಿದ್ದಳು. ಮದುವೆಯಾದಾಗಿನಿಂದ ಬೈದರೂ ಆ ಪುಣ್ಯಾತ್ಮ ಬಿಟ್ಟಿರಲಿಲ್ಲ. ಬಿಟ್ಟದ್ದು ಅವಳ ಬಲಗಾಲಿನ ಹೆಬ್ಬೆರಳು ಕಪ್ಪಾಗಿ ಹುಣ್ಣಾದಾಗ.

ಚಿಕ್ಕೋಡಿಯ ಡಾಕ್ಟರ್ ಸುಹಾಸ ಪರೀಕ್ಷೆಯೆಲ್ಲ ಮಾಡಿಸಿ, ತೊಡೆಯ ದೊಡ್ಡ ರಕ್ತನಾಳ ಮುಚ್ಚಿಹೋಗಿದೆ ಎಂದರು. ಕೆಳಗಿನ ನಾಳಗಳು ತೀರ ಸಣ್ಣವು, ಆಪರೇಶನ್ ಮಾಡಿ ಜೋಡಿಸಲೂ ಬರುವುದಿಲ್ಲ. ಕಾಲು ಉಳಿಯಬೇಕಾದರೆ ಮೈ ತಾನೇ ಬೇರೆ ದಾರಿ ಮಾಡಿಕೊಳ್ಳಬೇಕು.

“ದೊಡ್ಡ ಕಾಲುವಿ ಕಟ್ಟಿತಂದ್ರ ಬಾಜೂಕಿನ ಸಣ್ಣದನ್ನ ಅಗಲ ಮಾಡ್ತೀರಲ್ರಿ, ಆಯೀ? ನಿಮ್ಮ ರಕ್ತದಾಗಿನ ಬಿಳಿ ಕಣ ಆ ಕೆಲಸಾ ಮಾಡ್ತಾವು,” ಎಂದರು.

“ಅವು ರೋಗದ ಜೋಡಿ ಗುದ್ದಾಡೋವಲ್ರಿ?” ರಾವಸಾಹೇಬ ಕೇಳಿದ.

“ಗುದ್ದಾಡ್ತಾವು, ಸತ್ತದ್ದನ್ನ ತಗದು ಹಾಕ್ತಾವು, ಆಮ್ಯಾಲ ಹೊಸ ನಾಳ ಬೆಳಸಾಕೂ ನಿಲ್ತಾವು. ಆದ್ರ ತಂಬಾಕ ಮೈಯಾಗ ಹೊಕ್ಕಿತಂದ್ರ ಕಟ್ಟೂ ಕೆಲಸ ಬಿಟ್ಟು ಕೆಡಸೂ ಕೆಲಸಕ್ಕ ಹತ್ತತಾವು. ನಿಮಗ ತಂಬಾಕದ ಚಟಾ ಐತೇನ್ರಿ?”

“ಶಿವಶಿವಾ! ನನಗ? ಇವರನ್ನ ಕೇಳ್ರಿ,” ಎಂದು ಗಂಡನ ಕಡೆ ಕೈ ಮಾಡಿದಳು. ಅವಳು ಬೇಕೆಂದು ಸುಳ್ಳು ಹೇಳಲಿಲ್ಲ.

ಊರಿಗೆ ಬಂದ ರಾವಸಾಹೇಬ ಯಡೂರಿನ ವೀರಭದ್ರನ ಗುಡಿಗೆ ಹೋಗಿ, ಹೆಂಡತಿಯ ಕಾಲು ಉಳಿಸೆಂದು ಬೇಡಿಕೊಂಡು ತಂಬಾಕು ಬಿಟ್ಟ. ದಿನಾಲೂ ಅವಳನ್ನು ಕರೆದುಕೊಂಡು ಹೊಲದ ದಾರಿಯಲ್ಲಿ ನಡೆದ. ಮೀನಖಂಡ ಹಿಡಿದುಕೊಂಡಾಗ ನಿಲ್ಲುವುದು, ನೋವು ಇಳಿದ ಮೇಲೆ ಮತ್ತೆ ನಡೆಯುವುದು. ಡಾಕ್ಟರು ಹೇಳಿದ್ದೇ ಹಾಗೆ. ಇಷ್ಟಾದರೂ ಹುಣ್ಣು ಇದ್ದಲ್ಲೇ ಇತ್ತು. ಚಳಿಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಅವಳನ್ನು ಅಡ್ಮಿಟ್ ಮಾಡಿಕೊಂಡು, ಮೊಣಕಾಲ ಕೆಳಗೆ ತೆಗೆಯಬೇಕಾಗಬಹುದು ಎಂದರು. ರಾವಸಾಹೇಬ ಹೊರಗೆ ಹೋಗಿ ಅತ್ತು ಬಂದ. ಗೌರಾಬಾಯಿಗೆ ಅಳಲೂ ಆಗದಷ್ಟು ಹೆದರಿಕೆಯಾಯಿತು.

ಮರುದಿನ ಬೆಳಿಗ್ಗೆ ಅವಳು ನಳದ ಹತ್ತಿರ ಕುಂತು, ತೋರುಬೆರಳಿನಿಂದ ಕರಿ ಪುಡಿಯನ್ನು ಒಸಡಿಗೆ ತಿಕ್ಕುತ್ತಿದ್ದಳು. ಡಾಕ್ಟರು ಆ ದಾರಿಯಲ್ಲೇ ಬಂದರು.

“ಅದೇನ್ರಿ ಆಯೀ?”

“ಮಶೇರಿ ರೀ. ನಮ್ಮ ತವರಮನಿ ನಿಪ್ಪಾಣಿ. ಸಣ್ಣಾಕಿದ್ದಾಗಿಂದ ಹಚ್ಚತೀನಿ.”

“ಎದರಿಂದ ಮಾಡ್ತೀರಿ?”

“ತಂಬಾಕದ ಎಲಿ ಹಂಚಿನ ಮ್ಯಾಲ ಕರ್ರಗ ಹುರದು…” ಎಂದವಳು ಅಲ್ಲಿಗೇ ನಿಂತಳು. ಬೆರಳು ಬಾಯಲ್ಲೇ ಉಳಿಯಿತು.

ತಂಬಾಕು ಎಂದರೆ ತಿನ್ನುವುದು, ಸೇದುವುದು; ಇದು ಬರೀ ಹಲ್ಲುಜ್ಜುವುದು. ಅವಳ ಅವ್ವನ ಪಾಲಿಗೂ, ಓಣಿಯ ಹೆಂಗಸರ ಪಾಲಿಗೂ ಅಷ್ಟೇ ಆಗಿತ್ತು. ಡಾಕ್ಟರು ಸಿಟ್ಟಾಗಲಿಲ್ಲ. “ನಾನs ಬಿಡಿಸಿ ಕೇಳಬೇಕಾಗಿತ್ತು. ಹುಣ್ಣಿಗೆ ಕೀವು ಆಗಿಲ್ಲ, ಇದನ್ನ ಬಿಟ್ಟು ಸ್ವಲ್ಪ ದಿನ ನೋಡೋಣು,” ಎಂದರು. ಚಹಾ ತಂದು ನಿಂತಿದ್ದ ರಾವಸಾಹೇಬ ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ನೋಡುವ ಧೈರ್ಯ ಅವಳಿಗಾಗಲಿಲ್ಲ.

ಮಶೇರಿ ಬಿಟ್ಟ ಮೇಲೆ ತಲೆ ಸಿಡಿಯಿತು, ಹೊಟ್ಟೆ ಕಟ್ಟಿತು, ಕಂಡಕಂಡವರ ಮೇಲೆ ಹರಿಹಾಯ್ದಳು. ಹಳೆಯ ಬೈಗುಳಕ್ಕೆಲ್ಲ ಬಡ್ಡಿ ಸಮೇತ ತಿರುಗಿ ಕೊಡಲು ಗಂಡನಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆದರೆ ಅವನು ಅವಳ ಬಾಯಿಗೆ ಲವಂಗ ಕೊಟ್ಟು, ನಡಿ ಹೋಗೂಣು ಎನ್ನುತ್ತಿದ್ದ. ಅವನು ಬೈದಿದ್ದರೇ ಚೆನ್ನಾಗಿತ್ತು ಅನಿಸುತ್ತಿತ್ತು ಅವಳಿಗೆ.

ಬೇಸಿಗೆಯಲ್ಲಿ ಡ್ರೆಸ್ಸಿಂಗ್ ಮಾಡುವಾಗ ಡಾಕ್ಟರು ಹುಣ್ಣಿನ ಅಂಚು ಕೆರೆದರು. ಅಷ್ಟು ದಿನ ಎಷ್ಟು ಕೆರೆದರೂ ಬಿಳಿಚಿಕೊಂಡೇ ಇದ್ದ ಜಾಗದಿಂದ ರಕ್ತ ಜಿನುಗಿತು.

“ಅಯ್ಯ, ರಕ್ತಾ ಬಂತಲ್ರಿ!” ಗೌರಾಬಾಯಿ ಕಾಲು ಎಳೆದುಕೊಂಡಳು.

“ಬರಲಿ ಬಿಡ್ರಿ, ಅದಕ್ಕs ಕಾಯಾಕತ್ತಿದ್ದೆ. ಹೊಸ ಹಾದಿ ಬಿದ್ದಾವು. ಬೆರಳು ಹೋಗತೈತಿ, ಕಾಲು ಉಳೀತೈತಿ.”

ಡಾಕ್ಟರು ಕೈ ತೊಳೆಯಲು ಹೋದರು. ರಾವಸಾಹೇಬ ಅವಳ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

“ಬೆಚ್ಚಗ ಐತಿ,” ಎಂದ.

“ನಿಮ್ಮನ್ನ ಇಷ್ಟ ವರ್ಷ ಬೈದ್ನಲ್ರಿ,” ಎಂದಳು ಗೌರಾಬಾಯಿ.

“ಬೈದದ್ದು ಬರೋಬ್ಬರಿ ಇತ್ತು ಬಿಡು. ನಾ ತಿಂತಿದ್ನಲ್ಲಾ.”

ಆಗ ಅವಳಿಗೆ ಅಳು ತಡೆಯಲಾಗಲಿಲ್ಲ. ನರ್ಸು ನೋಡುತ್ತಿದ್ದರೂ ರಾವಸಾಹೇಬ ಪಾದ ಬಿಡಲಿಲ್ಲ.